ಊರಿಗೆಷ್ಟು ಖಾಕಿ?

ಖಾಕಿ ತೊಟ್ಟವನಿಗೆ ದಿನಕ್ಕೊಂದು ತಮಾಷೆ ಗಂಟು ಬೀಳಲಿಲ್ಲ ಅಂದರೆ ಅವತ್ತು ಅವನು ರಜೆಯ ಮೇಲಿದ್ದಾನೆ ಅಂತಲೇ ತಿಳಿಯಬೇಕು. ನಮಗೆ ರಜೆ ಸಿಗುವುದು ಅಪರೂಪ, ಆದ್ದರಿಂದ ನನ್ನ ಹತ್ತಿರ ತಮಾಷೆಗಳಿಗೆ ಕೊರತೆಯಿಲ್ಲ. ನಾನು ಠಾಣೆಯ ರೈಟರ್. ಅಂದರೆ ಲಾಠಿಗಿಂತ ಪೆನ್ನನ್ನೇ ಹೆಚ್ಚು ಹಿಡಿದ ಪೊಲೀಸ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಕಡೆಯ ಚಹಾ ನನಗೆ ಗೊತ್ತು, ಅಲ್ಲಿಯವರಿಗೆ ನಾನು ಗೊತ್ತು. ಈಗ ಇರುವ ಠಾಣೆ ಯಾವುದು ಅಂತ ಮಾತ್ರ ಕೇಳಬೇಡಿ. ಅಲ್ಲಿರುವವರೆಲ್ಲ ಇನ್ನೂ ನೌಕರಿಯಲ್ಲಿದ್ದಾರೆ, ನಾನೂ ಇದ್ದೇನೆ.

ದುಂಡಕ್ಷರದ ತಪ್ಪು

ಒಂದು ದಿನ ಮೇಲಿನ ಕಚೇರಿಯಿಂದ ಕಾಗದ ಬಂತು. ಊರುಗಳು ಬೆಳೆಯುತ್ತಿವೆ, ಯಾವ ಊರಿಗೆ ಎಷ್ಟು ಮಂದಿ ಪೊಲೀಸರು ಬೇಕು ಎಂಬುದನ್ನು ಲಗತ್ತಿಸಿದ ನಮೂನೆಯಲ್ಲಿ ಭರ್ತಿ ಮಾಡಿ ಕಳಿಸತಕ್ಕದ್ದು. ನಮ್ಮ ಭಾಗದ ದೊಡ್ಡ ಸಾಹೇಬರು ಆ ಕಾಗದವನ್ನು ಎರಡು ಸಲ ಓದಿ, "ಯಾರ ಅಕ್ಷರ ಚಲೋ ಅವ?" ಅಂತ ಕೇಳಿದರು. ಎಲ್ಲರೂ ನನ್ನ ಕಡೆ ಬೆರಳು ಮಾಡಿದರು. ಇಷ್ಟು ವರ್ಷದ ನೌಕರಿಯಲ್ಲಿ ನಮ್ಮ ಸಿಬ್ಬಂದಿ ಒಂದೇ ದಿಕ್ಕಿಗೆ ಬೆರಳು ಮಾಡಿದ್ದು ಅದೊಂದೇ ಸಲ.

ಐದೂ ಊರು ಸುತ್ತಿ ನಮೂನೆ ತುಂಬುವ ಕೆಲಸ ನನ್ನ ಕೊರಳಿಗೆ ಬಿತ್ತು. ನಮೂನೆ ಸುಲಭವಾಗಿತ್ತು. ಜನಸಂಖ್ಯೆ, ಊರಿನ ಬೆಳವಣಿಗೆ, ದಾಖಲಾದ ಪ್ರಕರಣಗಳು, ಇರುವ ಸಿಬ್ಬಂದಿ, ಬೇಕಾದ ಸಿಬ್ಬಂದಿ, ಕಾರಣ. ಆದರೆ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು. ಪ್ರಕರಣ ಕಡಿಮೆ ಇರುವ ಠಾಣೆಯಿಂದ ಇಬ್ಬರನ್ನು ತೆಗೆದು, ಹೆಚ್ಚು ಇರುವ ಕಡೆಗೆ ಕೊಡತಕ್ಕದ್ದು.

ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡವಳು ನಮ್ಮ ಠಾಣೆಯ ಒಬ್ಬಳೇ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಊರಿನಲ್ಲಿ ಹೆಣ್ಣುಮಕ್ಕಳ ಯಾವ ತಕರಾರು ಬಂದರೂ ಆಕೆಯೇ ಬೇಕು. ಕೋರ್ಟಿಗೆ ಆಕೆಯೇ, ಆಸ್ಪತ್ರೆಗೆ ಆಕೆಯೇ, ಪರೀಕ್ಷೆ ಕೇಂದ್ರಕ್ಕೂ ಆಕೆಯೇ. ಆಕೆಗೊಂದು ಗಂಡು ಕೂಸು. ಅದರ ಜಾವಳ, ಅಂದರೆ ಹುಟ್ಟುಗೂದಲು, ತೆಗೆಸಲಿಕ್ಕೆ ಮೂರು ಸಲ ಮುಹೂರ್ತ ಇಟ್ಟಿದ್ದರು, ಮೂರು ಸಲವೂ ಬಂದೋಬಸ್ತ್ ಬಂದು ರಜೆ ರದ್ದಾಗಿತ್ತು. ಕೂಸಿನ ಕೂದಲು ಹೆಗಲಿಗೆ ಇಳಿದಿತ್ತು. ಅಜ್ಜಿ ಬೇಸತ್ತು ಎರಡು ಜಡೆ ಹಾಕಿದ್ದಳು.

"ಅಣ್ಣಾರ, ಬಸ್‌ಸ್ಟ್ಯಾಂಡಿನ್ಯಾಗ ಯಾರೋ ಆಯಿ ಬಂದು, ಹುಡುಗಿ ಭಾಳ ಚಂದ ಅದಾಳ ಅಂದ್ಳು," ಅಂತ ಆಕೆ ನನಗೆ ಹೇಳಿದಳು.

"ನೀ ಏನಂದಿ?"

"ಡ್ಯೂಟಿಗಿ ಹೊತ್ತಾಗಿತ್ತರಿ. ಹೌದ್ರಿ ಆಯಿ ಅಂದು ಬಂದೆ."

ಇದ್ದವರಲ್ಲಿ ಇಬ್ಬರನ್ನು ತೆಗೆದರೆ ಆಕೆಯ ರಜೆಯ ಆಸೆ ಅಲ್ಲಿಗೇ ಮುಗಿಯಿತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಆಕೆ ಬಾಗಿಲ ತನಕ ಬಂದಳು. "ಎಲ್ಲಾ ಊರಿಗೂ ಚಲೋ ಬರೀರಿ ಅಣ್ಣಾರ. ನಮ್ಮ ಠಾಣೆಗಿ ಒಂದೀಟು ಜಾಸ್ತಿನೇ ಚಲೋ ಬರೀರಿ. ನಾಕನೇ ಮುಹೂರ್ತ ಇಟ್ಟೀವಿ. ಈ ಸರ್ತಿ ತಪ್ಪಿದ್ರ ನಮ್ಮತ್ತಿ ಕೂಸಿಗಿ ಮೂಗುತಿ ಚುಚ್ಚಿಸ್ತಾಳ."

ಯಾವ ಗಾಡಿ ಟೈಮಿಗಿ?

ಮೊದಲು ವಾಡಿಗೆ ಹೋದೆ. ಪುರಸಭೆಯ ಜನಸಂಖ್ಯೆ ಕಾಗದದಲ್ಲಿ ಇತ್ತು. ಆದರೆ ನಾನು ಕೆಲಸದಲ್ಲಿ ಸ್ವಲ್ಪ ಚೊಕ್ಕ ಮನುಷ್ಯ. ಕಾಗದದ ಲೆಕ್ಕಕ್ಕೂ ಕಣ್ಣಿಗೆ ಕಂಡ ಲೆಕ್ಕಕ್ಕೂ ತಾಳೆ ನೋಡದೆ ಬರೆಯುವುದಿಲ್ಲ. ರೈಲ್ವೆ ಸ್ಟೇಷನ್ನಿನ ಎದುರಿಗೆ ಒಬ್ಬ ಚಹಾದವನು ಬೆಳಗಿನಿಂದ ಒಲೆ ಇಳಿಸದೆ ನಿಂತಿರುತ್ತಾನೆ. ಊರಿನ ನಾಡಿ ಅವನಿಗೆ ಗೊತ್ತಿರುತ್ತದೆ ಅಂತ ಅವನನ್ನೇ ಕೇಳಿದೆ.

"ಕಾಕಾ, ಈ ಊರಾಗ ಒಟ್ಟು ಎಷ್ಟು ಮಂದಿ ಇರಬಹುದು?"

ಅವನು ಚಹಾ ಸೋಸುತ್ತಲೇ, "ಯಾವ ಗಾಡಿ ಟೈಮಿಗಿ?" ಅಂದ.

"ಗಾಡಿ ಸುದ್ದಿ ಬ್ಯಾಡ. ಊರಿನ ಮಂದಿ ಕೇಳಾಕತ್ತೀನಿ."

"ಅದೇ ಹೇಳ್ತೀನ್ರಿ. ಸೊಲ್ಲಾಪುರ ಕಡೀ ಗಾಡಿ ಬಂತಂದ್ರ ಒಂದು ಲೆಕ್ಕ. ಹೈದರಾಬಾದ್ ಗಾಡಿ ಬಂತಂದ್ರ ಒಂದು ಲೆಕ್ಕ. ಎರಡೂ ಕೂಡೇ ಬಂದ್ವು ಅಂದ್ರ ನಿಮಗ ನಿಂದ್ರಲಿಕ್ಕ ಜಾಗ ಸಿಗಂಗಿಲ್ಲ. ಎರಡೂ ಹೋದ್ವು ಅಂದ್ರ ನಾನು, ನಮ್ಮ ತಮ್ಮ, ಆ ನಾಯಿ."

"ಅವರೆಲ್ಲಾ ಗಾಡಿ ಬದಲಿ ಮಾಡೋ ಮಂದಿ ಕಾಕಾ. ಈ ಊರಿನವರಲ್ಲ."

"ಹಂಗಂದ್ರ ಹ್ಯಾಂಗ್ರಿ? ಜಗಳಾ ಮಾಡೂದು ಇಲ್ಲೇ, ಪಾಕೀಟು ಕಳ್ಕೊಳ್ಳೂದು ಇಲ್ಲೇ, ಗಾಡಿ ತಪ್ಪಿಸ್ಕೊಂಡು ಅಳೂದು ಇಲ್ಲೇ. ಊರವರು ಅಂದ್ರ ಮತ್ತ ಏನ್ ಮಾಡ್ಬೇಕು?"

ವಾದದಲ್ಲಿ ಹುರುಳಿತ್ತು. ನಾನು ಪೆನ್ನು ತೆಗೆದು, ಹಾಗಾದರೆ ಪೊಲೀಸರು ಎಷ್ಟು ಬೇಕು ಅಂತ ಬರೆಯಲಿ ಅಂತ ಕೇಳಿದೆ. ಅವನು ಹಳಿಯ ಕಡೆ ಕತ್ತು ಚಾಚಿ ನೋಡಿದ.

"ಈಗ ಬರೀಬ್ಯಾಡ್ರಿ. ಗಾಡಿ ಒಂದು ತಾಸು ಲೇಟ್ ಅದ. ಬರೋತನಕ ನೀವೊಬ್ರೇ ಸಾಕು."

ಬಾಜೂ ಓಣಿ

ಶಹಾಬಾದಿನಲ್ಲಿ ನನಗೊಂದು ಹೊಸ ವಿಚಾರ ಹೊಳೆಯಿತು. ಪೊಲೀಸರು ಎಷ್ಟು ಬೇಕು ಅಂತ ಪೊಲೀಸರನ್ನು ಕೇಳಿದರೆ ಏನು ಸ್ವಾರಸ್ಯ? ಜನರನ್ನೇ ಕೇಳಬೇಕು. ಅಲ್ಲಿ ಮನೆ ಮನೆಯ ಮುಂದೆಯೂ ಅಲ್ಲಿಯದೇ ಕಲ್ಲಿನ ಪರಸಿ ಹಾಸಿದ ಕಟ್ಟೆ, ಕಟ್ಟೆಯ ಮೇಲೆ ಮಂದಿ. ಕೂತು ಕೇಳಲಿಕ್ಕೆ ಅನುಕೂಲ.

ಮೊದಲನೇ ಓಣಿಯಲ್ಲಿ ಪಿಂಚಣಿಯ ಮಾಸ್ತರರೊಬ್ಬರು ಪೇಪರು ಓದುತ್ತಿದ್ದರು. ಓಣಿಗೊಂದು ಬೀಟು ಹಾಕಿ ಒಬ್ಬ ಪೊಲೀಸನನ್ನು ಕೂಡಿಸಿದರೆ ಹೇಗೆ ಅಂದೆ. ಅವರು ಭಾಳ ಖುಷಿಪಟ್ಟರು.

"ಅವಶ್ಯ ಕೂಡಸ್ರಿ. ಕಾನೂನು ಸುವ್ಯವಸ್ಥೆ ಭಾಳ ಮುಖ್ಯ. ಆದ್ರ ನಮ್ಮ ಓಣ್ಯಾಗ ಬ್ಯಾಡ. ಮಗಳಿಗಿ ವರಾ ನೋಡಾಕತ್ತೀವಿ. ಬಂದವರು ಪೊಲೀಸ್ ಕುಂತದ್ದು ನೋಡಿ ಏನ್ ತಿಳ್ಕೋತಾರ? ಬಾಜೂ ಓಣ್ಯಾಗ ಕೂಡಸ್ರಿ. ಅಲ್ಲಿ ಖರೇನ ಬೇಕು."

ಬಾಜೂ ಓಣಿಗೆ ಹೋದೆ. ಒಬ್ಬ ಅಮ್ಮ ಜೋಳ ಹಸನು ಮಾಡುತ್ತಿದ್ದಳು. "ಪೊಲೀಸ್ ಬೇಕ್ರಿ, ಭಾಳ ಬೇಕು. ನಮ್ಮಲ್ಲಿ ಅಲ್ಲ, ಆ ಹಿಂದಿನ ಓಣ್ಯಾಗ," ಅಂತ ಆಕೆ ಮೊರ ತಿರುಗಿಸಿ ದಿಕ್ಕು ತೋರಿಸಿದಳು. ಹಿಂದಿನ ಓಣಿಯವರು ಅದರ ಹಿಂದಿನ ಓಣಿ ತೋರಿಸಿದರು. ಅಲ್ಲಿಯವರು ಊರ ಹೆಬ್ಬಾಗಿಲಾದ ಅಗಸಿ ಕಡೆ ತೋರಿಸಿದರು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಹತ್ತಿದರೂ ನಾನು ಬಿಡಲಿಲ್ಲ. ಹಿಡಿದ ಕೆಲಸ ಬಿಡುವ ಚಾಳಿ ನನಗಿಲ್ಲ. ಹನ್ನೊಂದನೇ ಓಣಿಗೆ ಬಂದಾಗ ಪರಿಚಯದ ಮುಖ ಕಂಡಿತು. ಅದೇ ಮಾಸ್ತರರು, ಅದೇ ಪೇಪರು. ಸುತ್ತು ಹಾಕಿ ಅಲ್ಲಿಗೇ ಬಂದು ನಿಂತಿದ್ದೆ.

"ಏನಾಯ್ತ್ರಿ? ಬಾಜೂ ಓಣ್ಯಾಗ ಕೂಡಿಸಿದ್ರೇನು?" ಅಂದರು ಅವರು.

"ಇಲ್ರಿ ಮಾಸ್ತರ. ಎಲ್ಲರಿಗೂ ಒಬ್ಬ ಪೊಲೀಸ್ ಬೇಕಾಗ್ಯಾನ. ಅಂವ ಎಲ್ಲಿ ನಿಂದ್ರಬೇಕು ಅಂದ್ರ ಮಾತ್ರ ಊರಾಗ ಜಾಗ ಇಲ್ಲ."

ಮಾಸ್ತರರು ಪೇಪರು ಮಡಚಿಟ್ಟರು. "ಹಂಗಿದ್ರ ಒಂದ್ ಕೆಲಸ ಮಾಡ್ರಿ. ಅಂವಗ ಸಾದಾ ಅಂಗಿ ಹಾಕಿ ಕಳಸ್ರಿ. ನಾವು ನಮ್ಮ ಬೀಗರು ಅಂತ ಹೇಳ್ತೀವಿ."

ಬೀಗರ ಕಡೆ ಒಬ್ಬರು

ಚಿತ್ತಾಪುರದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪೊಲೀಸರ ಲೆಕ್ಕ ಬರೆಯಲಿಕ್ಕೆ ಯಾರೋ ಬಂದಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ನನಗಿಂತ ಮುಂದೆ ಓಡಿತ್ತು. ಕಾಳಗಿ ಕಡೆಯ ರೈತರೊಬ್ಬರು, ತಲೆಗೆ ಗುಲಾಬಿ ರುಮಾಲು ಸುತ್ತಿದವರು, ಬಂದು ಕೈಮುಗಿದರು.

"ಸಾಹೇಬ್ರ, ಪೊಲೀಸ್ ಕೊಡೂದು ನಿಮ್ಮ ಕಡೀನೇ ಅದ ಅಂತಲ್ಲ? ನನಗ ಇಬ್ರು ಬೇಕು."

"ಕೊಡೂದು ನನ್ನ ಕೈಯಾಗಿಲ್ಲರಿ. ಬರಿಯೂದು ಅಷ್ಟೇ. ಯಾಕ ಬೇಕು?"

"ಮುಂದಿನ ವಾರ ಮಗನ ಲಗ್ನ."

ನಾನು ನೆಟ್ಟಗೆ ಕೂತೆ. ಲಗ್ನದಲ್ಲಿ ಗಲಾಟೆಯ ಸೂಚನೆ ಮೊದಲೇ ಸಿಕ್ಕರೆ ಅದಕ್ಕಿಂತ ದೊಡ್ಡ ಕೆಲಸವಿಲ್ಲ. "ಯಾರ ಮ್ಯಾಲರೆ ಸಂಶಯ ಅದ ಏನು? ಹೊಲದ ತಂಟೆ? ಹಳೇ ದ್ವೇಷ?"

"ಛೇ ಛೇ, ನಮಗ್ಯಾರ ದ್ವೇಷ ಅದರಿ? ಎಲ್ಲರೂ ಚಲೋ ಮಂದಿ."

"ಊಟದ ಪಂಗತಿಗಿ ನೂಕಾಟ ಆಗ್ತದೇನು?"

"ಏನೂ ಆಗಂಗಿಲ್ರಿ. ಹುಗ್ಗಿ ಬೇಕಾದಷ್ಟು ಮಾಡಿಸೀವಿ."

"ಮತ್ತ ಪೊಲೀಸ್ ಯಾಕ್ರಿ ಯಜಮಾನ್ರ?"

ಅವರು ಅಕ್ಕಪಕ್ಕ ನೋಡಿ, ಬಗ್ಗಿ, ಗುಟ್ಟು ಹೇಳುವ ಹಾಗೆ ಹೇಳಿದರು. "ಬೀಗರ ಕಡೀಲಿಂದ ಒಬ್ಬ ಜಮಾದಾರ್ ಬರಾಕತ್ತಾನ. ಅವರ ಸ್ವಾದರಳಿಯ. ಖಾಕಿ ಡ್ರೆಸ್ ಮ್ಯಾಲೇ ಬರ್ತಾನಂತ. ನಾವು ಗಂಡಿನ ಕಡೆಯವರು, ನಮ್ಮ ಕಡೀ ಇಬ್ರಾದ್ರೂ ಇರಬೇಕೋ ಬ್ಯಾಡೋ?"

ಏಳು ಟೋಪಿ

ಚಿಂಚೋಳಿಯ ಹಾದಿಯಲ್ಲಿ ಒಂದು ಠಾಣೆ. ಹೆಸರು ಬೇಡ. ದೂರದಿಂದಲೇ ನನಗೆ ಭಾಳ ಸಂತೋಷವಾಯಿತು, ಕಿಟಕಿಯಲ್ಲಿ ಸಾಲಾಗಿ ಏಳು ಟೋಪಿ ಕಾಣುತ್ತಿದ್ದವು. ಒಳ್ಳೆ ಹಾಜರಿ ಅಂದುಕೊಂಡು ಒಳಗೆ ಹೋದರೆ ಒಬ್ಬನೇ ಒಬ್ಬ ಹಿರಿಯ ಕಾನ್‌ಸ್ಟೇಬಲ್ ಕೂತಿದ್ದ. ಏಳು ಟೋಪಿಗೂ ಏಳು ಮೊಳೆ ಹೊಡೆದು ಕಿಟಕಿಗೆ ತೂಗುಹಾಕಿದ್ದ.

"ಉಳಿದವರು?"

"ಇಬ್ರು ಕೋರ್ಟಿಗಿ, ಒಬ್ರು ಸಮನ್ಸ್ ಕೊಡಲಿಕ್ಕ, ಇಬ್ರು ಬಂದೋಬಸ್ತಿಗಿ, ಒಬ್ರು ಆಸ್ಪತ್ರಿಗಿ. ಎಲ್ಲರೂ ಡ್ಯೂಟಿ ಮ್ಯಾಲೇ ಅದಾರ್ರಿ. ನಾ ಒಬ್ಬವನೇ ಇದ್ದೀನಂತ ಹೊರಗಿನವರಿಗಿ ಯಾಕ ಗೊತ್ತಾಗ್ಬೇಕು? ಹಳೇ ಟೋಪಿ ಎಲ್ಲಾ ಹುಡಕಿ ಹಾಕೀನಿ. ಸಂಜೀಕ ಜಾಗ ಬದಲಿ ಮಾಡ್ತೀನಿ, ಅಂದ್ರ ಪಾಳಿ ಬದಲಿ ಆಯ್ತಂತ ಮಂದಿ ತಿಳ್ಕೋತಾರ."

ನನಗೆ ಅವನ ಬಗ್ಗೆ ನಿಜವಾಗಿಯೂ ಗೌರವ ಹುಟ್ಟಿತು. ಇರುವ ಸಿಬ್ಬಂದಿ ಎಂಬ ಕಾಲಮ್ಮಿನಲ್ಲಿ ಟೋಪಿ ಬರೆಯಲೋ ತಲೆ ಬರೆಯಲೋ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಆಕೆಯ ಹಿತ್ತಲಲ್ಲಿ ದಿನಾ ಯಾರೋ ನುಗ್ಗೆಕಾಯಿ ಕಿತ್ತುಕೊಂಡು ಹೋಗುತ್ತಾರಂತೆ.

"ಈಗ ಬರಲಿಕ್ಕಾಗಂಗಿಲ್ಲ ಆಯಿ. ಠಾಣಾ ಬಿಟ್ಟು ಬರಂಗಿಲ್ಲ," ಅಂದ ಕಾನ್‌ಸ್ಟೇಬಲ್.

"ಏಳು ಮಂದಿ ಕುಂತೀರಿ, ಒಬ್ಬನ್ನರೆ ಕಳಸಪ್ಪಾ."

"ಏಳು ಮಂದಿ ಎಲ್ಲಿಂದ ಆಯಿ? ನಾ ಒಬ್ಬವನೇ. ಅವು ಖಾಲಿ ಟೋಪಿ."

ಮುದುಕಿ ಕಿಟಕಿಯ ಹತ್ತಿರ ಹೋಗಿ ಒಂದೊಂದೇ ಟೋಪಿ ಮುಟ್ಟಿ ನೋಡಿದಳು. ಬೈಯುತ್ತಾಳೆ ಅಂತ ನಾವಿಬ್ಬರೂ ಕಾಯುತ್ತಿದ್ದೆವು. ಆಕೆ ತಿರುಗಿ, "ನಾನೂ ಅಗಸಿ ದಾಟೋ ಮುಂದ ಇವನ್ನ ನೋಡೇ ಹೆದರಿದ್ದೆ," ಅಂದಳು. "ಹಂಗಾದ್ರ ಒಂದು ಟೋಪಿ ಕೊಡು. ನುಗ್ಗಿ ಗಿಡಕ್ಕ ಹಾಕ್ತೀನಿ."

ಬಿಸಿ ಚಹಾದ ಕಾನೂನು

ನಾಲ್ಕು ಊರು ಮುಗಿಸಿ ನಮ್ಮ ಠಾಣೆಗೆ ಬಂದು ನಮ್ಮದೇ ನಮೂನೆ ಮುಂದಿಟ್ಟುಕೊಂಡೆ. ಆಗ ನಗು ನಿಂತಿತು. ದಾಖಲಾದ ಪ್ರಕರಣಗಳು ಎಂಬ ಕಾಲಮ್ಮಿಗೆ ರಿಜಿಸ್ಟರು ತೆಗೆದು ನೋಡಿದರೆ, ಎಣಿಸಲು ಒಂದು ಕೈಯ ಬೆರಳು ಸಾಕಾಗಿ ಹೆಬ್ಬೆರಳು ಉಳಿಯುತ್ತಿತ್ತು. ಐದೂ ಊರುಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಮ್ಮದೇ.

ಇದಕ್ಕೆ ಕಾರಣ ನಮ್ಮ ಜಮಾದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್ಲರು. ಕಳವು, ಅಪಘಾತ, ರಕ್ತ ಬಂದ ಹೊಡೆದಾಟ, ಇವನ್ನು ಅವರು ಆ ಕ್ಷಣವೇ ಬರೆಸುತ್ತಾರೆ, ಅದರಲ್ಲಿ ಮುಲಾಜಿಲ್ಲ. ಆದರೆ ಮೋರಿ ನೀರು, ಬೇಲಿ, ನಳದ ಪಾಳಿ, ಕೋಳಿ ಹಿತ್ತಲಿಗೆ ಹೋದದ್ದು, ಇವು ಬಂದರೆ ಎರಡೂ ಕಡೆಯವರನ್ನು ಠಾಣೆಯ ಮುಂದಿನ ಬೇವಿನ ಕಟ್ಟೆಗೆ ಕೂಡಿಸಿ ಚಹಾ ತರಿಸುತ್ತಾರೆ. ಒಂದೇ ಕಾನೂನು. ಚಹಾ ಮುಗಿಯುವ ತನಕ ಯಾರೂ ಮಾತಾಡಬಾರದು. ಚಹಾ ಮಾತ್ರ ಬಾಯಿ ಸುಡುವಷ್ಟು ಬಿಸಿ ಇರಬೇಕು ಅಂತ ಹೋಟೆಲಿನವನಿಗೆ ತಾಕೀತು. ಊದಿ ಊದಿ ಕುಡಿಯುವಷ್ಟರಲ್ಲಿ ಚಹಾಕ್ಕಿಂತ ಮೊದಲು ಮನುಷ್ಯ ಆರಿರುತ್ತಾನೆ. ಕೊನೆಗೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಾರೆ.

"ಜಮಾದಾರ್ ಸಾಹೇಬ್ರ, ನೀವು ಊರಾಗ ಜಗಳಾ ಇಲ್ಲದಂಗ ಮಾಡೀರಿ," ಅಂದೆ.

"ಖರೆ," ಅಂದರು ಅವರು ಮೀಸೆ ತೀಡಿ.

"ಅದಕ್ಕೇ ನಮ್ಮವರು ಇಬ್ರು ಹೋಗ್ತಾರ."

ಮೀಸೆ ಮೇಲಿನ ಕೈ ಅಲ್ಲೇ ನಿಂತಿತು. ಮೂಲೆಯಲ್ಲಿ ಟಪಾಲು ಜೋಡಿಸುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ತಲೆ ಎತ್ತಲಿಲ್ಲ. ಜೋಡಿಸಿದ್ದನ್ನೇ ಮತ್ತೆ ಬಿಚ್ಚಿ ಜೋಡಿಸಿದಳು. ಸುಳ್ಳು ಲೆಕ್ಕ ಬರೆಯುವವನು ನಾನಲ್ಲ. ಖರೆ ಲೆಕ್ಕ ಬರೆದರೆ ಆ ಕೂಸಿಗೆ ಮೂಗುತಿ ಗ್ಯಾರಂಟಿ.

ಸೋಮವಾರ ದೊಡ್ಡ ಸಾಹೇಬರು ತಾವೇ ಪರಿಶೀಲನೆಗೆ ಬರುವವರಿದ್ದರು. ನಾಲ್ಕನೇ ಮುಹೂರ್ತವೂ ಅದೇ ಸೋಮವಾರ. ಜಮಾದಾರರು ಆಕೆಯನ್ನು ಕರೆದರು. "ನೀ ಹೋಗವ್ವಾ. ಏನ್ ಆಗೂದು ಆಗ್ಲಿ. ಕೂಸಿನ ಜಾವಳ ಮುಗಿಸ್ಕೊಂಡು ಬಾ. ಸಾಹೇಬ್ರನ್ನ ನಾ ನೋಡ್ಕೋತೀನಿ." ನೋಡಿಕೊಳ್ಳುವುದು ಹೇಗೆ ಅಂತ ಅವರಿಗೇ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಕೂತು ತಮ್ಮ ದುಃಖ ಹೇಳಿಕೊಂಡರು. ಹೋಟೆಲಿನವನು ಕೇಳಿಸಿಕೊಂಡ. ಅವನು ಕೇಳಿಸಿಕೊಂಡದ್ದನ್ನು ಸಂಜೆಯೊಳಗೆ ಊರು ಕೇಳಿಸಿಕೊಂಡಿತು.

ಹೊಡೆಸಿಕೊಂಡವನು ನಾನು

ಸೋಮವಾರ ಹತ್ತಕ್ಕೆ ಸಾಹೇಬರ ಜೀಪು ಬಂದಾಗ ಠಾಣೆಯ ಮುಂದೆ ಪಾಳಿ ಹಚ್ಚಿ ನಿಂತ ಮಂದಿ ಬಸ್‌ಸ್ಟ್ಯಾಂಡ್ ತನಕ ಇದ್ದರು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಎಲ್ಲರ ಕೈಯಲ್ಲೂ ಅರ್ಜಿ. ಜಮಾದಾರರು ಈ ಹಿಂದೆ ಬಗೆಹರಿಸಿದ ಒಂದೊಂದು ಜಗಳವನ್ನೂ ನೆನಪಿಸಿಕೊಂಡು, ಊರು ಅವನ್ನು ದಾಖಲು ಮಾಡಿಸಲಿಕ್ಕೆ ಬಂದಿತ್ತು. ಪ್ರಕರಣ ಕಡಿಮೆ ಬಿದ್ದು ನಮ್ಮ ಪೊಲೀಸರು ಹೋಗುತ್ತಾರಂದರೆ ಪ್ರಕರಣ ಕೊಡೋಣ, ನಮ್ಮಲ್ಲೇನು ಕಡಿಮೆ ಇದೆಯೇ ಎಂಬ ಉದಾರ ಬುದ್ಧಿ.

ಜಮಾದಾರರು ಕೈಮುಗಿದು ಓಡಾಡಿದರು. "ಅವೆಲ್ಲಾ ಮುಗಿದಾವ್ರೋ, ಮನಿಗಿ ಹೋಗ್ರೋ." ಯಾರೂ ಕೇಳಲಿಲ್ಲ.

ಸಾಲಿನ ಮುಂದೆ ಇಬ್ಬರು ನೆರೆಮನೆಯವರು. ನಾಲ್ಕು ವರ್ಷದ ಹಿಂದೆ ಮೋರಿ ನೀರಿಗೆ ಕೈ ಕೈ ಮಿಲಾಯಿಸಿ, ಚಹಾ ಕುಡಿದು ಒಂದಾದವರು. ಆಗ ಇಬ್ಬರೂ ಊರ ತುಂಬ ನಾನೇ ಹೊಡೆದೆ ಅಂತ ಹೇಳಿಕೊಂಡು ತಿರುಗಿದ್ದರು. ಈಗ ದೂರು ಕೊಡಬೇಕಾದರೆ ಒಬ್ಬ ಹೊಡೆಸಿಕೊಂಡವನು ಬೇಕು.

"ಬರ್ಕೊರಿ ರೈಟರ್ ಸಾಹೇಬ್ರ, ಹೊಡಿಸ್ಕೊಂಡಾಂವ ನಾನು," ಅಂದ ಒಬ್ಬ.

"ನೀ ಎಲ್ಲಿ ಹೊಡಿಸ್ಕೊಂಡಿ? ಹೊಡಿಸ್ಕೊಂಡಾಂವ ನಾನು. ಕಪಾಳಕ್ಕ ಎರಡು ಕೊಟ್ಟಿದ್ದಿ," ಅಂದ ಇನ್ನೊಬ್ಬ.

"ಎರಡಲ್ಲ, ಒಂದೇ ಕೊಟ್ಟಿದ್ದೆ. ಸುಳ್ಳ್ಯಾಕ ಹೇಳ್ತಿ?"

"ಸುಳ್ಳ ಯಾರಿಗಂದಿ?"

ಎರಡನೆಯದು ಅಲ್ಲೇ ಬಿತ್ತು. ಹಿಂದಿನ ಸಾಲಿನಲ್ಲಿ ಬೇಲಿಯವರು ಬೇಲಿ ನೆನಪಿಸಿಕೊಂಡರು, ಕೋಳಿಯವರು ಕೋಳಿ ನೆನಪಿಸಿಕೊಂಡರು. ಜಮಾದಾರರು ವರ್ಷಗಟ್ಟಲೆ ಚಹಾ ಕುಡಿಸಿ ಆರಿಸಿದ ಊರು ಕಾಲು ಗಂಟೆಯಲ್ಲಿ ಕುದಿಯತೊಡಗಿತು. ಹೆಂಗಸರ ಸಾಲಿನಲ್ಲಿ ನಳದ ಪಾಳಿ ಮತ್ತೆ ಶುರುವಾಗಿ, ಅಂದು ಯಾರ ಕೊಡ ಮುಂದಿತ್ತು ಎಂಬ ಮಾತು ಜುಟ್ಟಿನ ತನಕ ಬಂತು.

ಸಾಹೇಬರು ನಮ್ಮ ನಮೂನೆ ಕೈಯಲ್ಲಿ ಹಿಡಿದು ಕೂಗಿದರು. "ಪ್ರಕರಣ ಇಲ್ಲಂತ ಬರದೀರಿ. ಇದೇನ್ರಿ ಇದು?"

"ಇವೆಲ್ಲಾ ಮುಗಿದವರಿ ಸಾಹೇಬ್ರ," ಅಂದರು ಜಮಾದಾರರು.

"ಮುಗಿದವು ಹಿಂಗ ಇದ್ರ ನಡದವು ಹ್ಯಾಂಗ ಇರ್ತಾವ್ರಿ? ಮೊದಲ ಹೆಣ್ಣುಮಕ್ಕಳನ್ನ ಬಿಡಸ್ರಿ. ಮಹಿಳಾ ಪೊಲೀಸ್ ಎಲ್ಲಿ?"

ಇದ್ದವರು ನಾವು ನಾಲ್ಕು ಮಂದಿ ಗಂಡಸರು. ಹೆಂಗಸರ ನಡುವೆ ಕೈ ಹಾಕುವ ಹಾಗಿಲ್ಲ. ಜಮಾದಾರರು ಅಳುಮುಖ ಮಾಡಿಕೊಂಡು ಫೋನು ಹಚ್ಚಿದರು.

ಊರ ಹೊರಗಿನ ಮನೆದೇವರ ಗುಡಿಯಿಂದ ಆಕೆ ಹತ್ತು ನಿಮಿಷದಲ್ಲಿ ಬಂದಳು. ರೇಷ್ಮೆ ಸೀರೆಯಲ್ಲೇ ಸ್ಕೂಟಿ ಹೊಡೆದುಕೊಂಡು ಬಂದಿದ್ದಳು. ಹಿಂದೆ ಕೂಸನ್ನು ಅವಚಿಕೊಂಡು ಕಟಿಂಗ್ ಅಂಗಡಿಯ ಕಾಕಾ, ಅವನ ಬಗಲಲ್ಲಿ ಕತ್ತಿಯ ಪೆಟ್ಟಿಗೆ. ಕೂಸಿನ ತಲೆಯ ಎಡ ಅರ್ಧ ಬೋಳು, ಬಲ ಅರ್ಧದಲ್ಲಿ ಜಡೆ ಹಾಗೆಯೇ ನೇತಾಡುತ್ತಿತ್ತು. ಆಕೆ ಕೂಸನ್ನು ಇಳಿಸಿಕೊಂಡು, ಕಂಕುಳಲ್ಲಿಟ್ಟುಕೊಂಡು, ಸಾಹೇಬರಿಗೆ ಇನ್ನೊಂದು ಕೈಯಲ್ಲಿ ಸೆಲ್ಯೂಟ್ ಹೊಡೆದಳು.

"ಏನವ್ವಾ ಇದು?" ಅಂದರು ಸಾಹೇಬರು.

"ಅರ್ಧ ಆಗಿತ್ತರಿ ಸರ್. ಫೋನ್ ಬಂತು."

ಜುಟ್ಟು ಹಿಡಿದ ಕೈಗಳು ಹಿಡಿದಲ್ಲೇ ನಿಂತವು. ಸಾಲುಗಳೆಲ್ಲ ಕೂಸಿನ ಕಡೆ ತಿರುಗಿದವು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಪಿನೊಳಗೆ ಇಳಿಯುವಷ್ಟರಲ್ಲಿ, ಜಗಳ ಹಚ್ಚಿದ ಹಿರಿಯಳೇ ಮುಂದೆ ಬಂದು ತಡೆದಳು. "ಯವ್ವಾ, ಅರ್ಧ ಜಾವಳ ಬಿಡಬಾರದವ್ವಾ. ಶಾಸ್ತ್ರ ಕೆಡ್ತದ. ಮೊದಲ ಇದು ಮುಗೀಲಿ. ನಮ್ಮದು ಎಲ್ಲಿಗೂ ಓಡಿ ಹೋಗಂಗಿಲ್ಲ."

ಸಾಹೇಬರು ತಮ್ಮ ಕುರ್ಚಿಯನ್ನು ವರಾಂಡಕ್ಕೆ ತರಿಸಿ ಕೂತರು. ಕಾಕಾ ಪೆಟ್ಟಿಗೆ ಬಿಚ್ಚಿ, ಕತ್ತಿ ಮಸೆದು, ಸುತ್ತ ನೋಡಿದ. "ಸೋದರಮಾವ ಎಲ್ಲಿ? ತೊಡಿ ಮ್ಯಾಲ ಕೂಸಿನ್ನ ಕೂಡಿಸ್ಕೊಳ್ಳೋರು ಬೇಕಲ್ಲ."

"ನಮ್ಮಣ್ಣ ಗುಡ್ಯಾಗೇ ಉಳದಾನ. ಗಾಡ್ಯಾಗ ಜಾಗ ಇರ್ಲಿಲ್ಲ," ಅಂದಳು ಆಕೆ.

ಇಡೀ ವರಾಂಡದಲ್ಲಿ ಕುರ್ಚಿಯ ಮೇಲೆ ತೊಡೆ ಮಾಡಿಕೊಂಡು ಕೂತವರು ಒಬ್ಬರೇ. ಕಾಕಾ ಮೇಲಧಿಕಾರಿ ಗೀಲಧಿಕಾರಿ ನೋಡುವ ಪೈಕಿ ಅಲ್ಲ. ಕೂಸನ್ನು ಎತ್ತಿ ಸಾಹೇಬರ ತೊಡೆಯ ಮೇಲೆ ಕೂಡಿಸಿ, "ತಲಿ ಗಟ್ಟಿ ಹಿಡೀರಿ, ಅಲುಗಾಡಿಸ್ಬ್ಯಾಡ್ರಿ," ಅಂತ ಅಪ್ಪಣೆ ಕೊಟ್ಟ. ಸಾಹೇಬರು ಹಿಡಿದರು. ಅಷ್ಟು ಸರಿಯಾಗಿ ಆಜ್ಞೆ ಪಾಲಿಸಿದ್ದನ್ನು ನಾನು ಇಲಾಖೆಯಲ್ಲಿ ಬೇರೆ ಎಲ್ಲೂ ನೋಡಿಲ್ಲ. ಹೆಂಗಸರು ಹಾಡು ಶುರು ಮಾಡಿದರು. ಮೋರಿಯವರಿಬ್ಬರೂ ಸೇರಿ ನೀರು ತಂದರು. ಬಲಗಡೆಯ ಜಡೆಯೂ ಖಾಕಿ ಪ್ಯಾಂಟಿನ ಮೇಲೆ ಬಿತ್ತು. ಆಕೆ ಕಣ್ಣು ಒರೆಸಿಕೊಂಡಳು. ಅದು ಕೂದಲು ಹಾರಿ ಕಣ್ಣಿಗೆ ಬಿದ್ದದ್ದಲ್ಲ, ನಾನು ಹತ್ತಿರವೇ ಇದ್ದೆ.

ಜಾವಳವಾದ ಮೇಲೆ ಸೋದರಮಾವ ಕೂಸಿಗೆ ಉಡುಗೊರೆ ಕೊಡಬೇಕು. ನಮ್ಮ ಕಡೆ ಇದನ್ನು ಯಾವ ಹೆಣ್ಣುಮಗಳೂ ಸುಮ್ಮನೆ ಬಿಡುವುದಿಲ್ಲ. ಆ ಹಿರಿಯಳು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

"ಏನ್ ಕೊಡ್ತೀರಿ ಮಾವನೋರ, ನಮ್ಮ ಕೂಸಿಗಿ?"

ಸಾಹೇಬರು ಕೂಸನ್ನು ನೋಡಿದರು, ಅದರ ತಾಯಿಯನ್ನು ನೋಡಿದರು, ತಣ್ಣಗಾದ ಸಾಲುಗಳನ್ನು ನೋಡಿದರು. "ಈ ಠಾಣ್ಯಾಗಿಂದ ಯಾರನ್ನೂ ತೆಗ್ಯಂಗಿಲ್ಲ. ಮ್ಯಾಲ, ಕೂಸಿನ ಅವ್ವಗ ಜೋಡಿ ಒಬ್ಬಾಕಿ ಮಹಿಳಾ ಪೊಲೀಸ್ ಬೇಕಂತ ಬರೀತೀನಿ. ಆಯ್ತಲ್ಲ?"

"ಒಬ್ಬಾಕಿನ?" ಅಂದಳು ಹಿರಿಯಳು. "ಆಕಿಗೂ ನಾಳಿಗಿ ಕೂಸು ಆಗ್ತದಲ್ಲರಿ?"

"ಇಬ್ರು."

"ಒಬ್ಬಾಕಿ ಹೆರಿಗಿಗಿ, ಒಬ್ಬಾಕಿ ಕೋರ್ಟಿಗಿ. ಮತ್ತ ಇವಳಿಗೇ ಬಂತು."

"ಮೂವರು."

"ಯಾರಿಗರೆ ಜ್ವರಾ ಬಂದ್ರ?"

ನಾನು ಐದು ಊರು ಸುತ್ತಿ, ಬಿಸಿಲು ಕುಡಿದು, ಕಾಲಮ್ಮು ತುಂಬಿಸಿ ಹಿಡಿಯಲಾಗದ ಲೆಕ್ಕವನ್ನು ಆ ತಾಯಿ ನಿಂತಲ್ಲೇ ಹಿಡಿದಳು. ನಮ್ಮ ನಮೂನೆಯಲ್ಲಿ ಜ್ವರಕ್ಕೆ, ಹೆರಿಗೆಗೆ, ಜಾವಳಕ್ಕೆ ಕಾಲಮ್ಮೇ ಇರಲಿಲ್ಲ.

"ಆಯ್ತವ್ವಾ ತಾಯಿ, ನಾಕು ಮಂದಿ. ಮೊದಲ ಈ ಕೂಸಿನ್ನ ತಗೋರಿ," ಅಂದರು ಸಾಹೇಬರು. ಹೆಂಗಸರು ಸೋಬಾನೆ ಹೇಳಿದರು. ನಾನು ಬೇಕಾದ ಸಿಬ್ಬಂದಿ ಎಂಬಲ್ಲಿ ದುಂಡಗೆ ನಾಲ್ಕು ಅಂತ ಬರೆದೆ. ಪಕ್ಕದಲ್ಲಿ ಕಾರಣದ ಕಾಲಮ್ಮು ಖಾಲಿ ಇತ್ತು.

"ಸರ್, ಕಾರಣ ಏನಂತ ಬರೀಲಿ?"

ಸಾಹೇಬರು ಎದ್ದು ನಿಂತು, ಪ್ಯಾಂಟಿಗೆ ಹತ್ತಿದ ಕೂದಲು ಝಾಡಿಸುತ್ತ ನನ್ನನ್ನು ದುರುಗುಟ್ಟಿ ನೋಡಿದರು. "ಏನರೆ ಬರಿ. ಸೋದರಮಾವ ಅಂತ ಮಾತ್ರ ಬರೀಬ್ಯಾಡ. ಇದು ಗೊತ್ತಾದ್ರ ಉಳಿದ ಠಾಣೆಯವರೂ ಕೂಸು ಎತ್ಕೊಂಡು ಬರ್ತಾರ."